ಫೆಟ್ ಸಿಮ್ಯುಲೇಷನ್‌ಗಳು: ಮಕ್ಕಳ ಕೈಗೆ ಕೊಡುವ ಮೊದಲು ತಿಳಿದಿರಬೇಕಾದದ್ದು

ಒಂದು ಬ್ಯಾಟರಿ, ಒಂದು ಬಲ್ಬು, ಎರಡು ತಂತಿ. ಫೆಟ್ (PhET) ಎಂಬ ಜಾಲತಾಣದ ಸಿಮ್ಯುಲೇಷನ್‌ನಲ್ಲಿ, ಎಂದರೆ ಪರದೆಯ ಮೇಲಿನ ಅಣಕು ಪ್ರಯೋಗದಲ್ಲಿ, ಇಷ್ಟನ್ನು ಎಳೆದು ತುದಿಗೆ ತುದಿ ಕೂಡಿಸಿದರೆ ಬಲ್ಬು ಹೊತ್ತಿಕೊಳ್ಳುತ್ತದೆ, ತಂತಿಯೊಳಗೆ ನೀಲಿ ಎಲೆಕ್ಟ್ರಾನ್‌ಗಳು ಸಾಲುಗಟ್ಟಿ ಸರಿಯತೊಡಗುತ್ತವೆ. ಬಲ್ಬಿಗೆ ಹೋಗುವ ತಂತಿಯಲ್ಲಿ ಅವು ಎಷ್ಟು ವೇಗವಾಗಿ ಸಾಗುತ್ತವೋ ಬಲ್ಬಿನಿಂದ ಹೊರಬರುವ ತಂತಿಯಲ್ಲೂ ಅಷ್ಟೇ ವೇಗ. ವಿದ್ಯುತ್ ಪ್ರವಾಹ ಬಲ್ಬಿನಲ್ಲಿ ಖರ್ಚಾಗಿಹೋಗುತ್ತದೆ ಎಂಬುದು ವಿಜ್ಞಾನ ಕಲಿಕೆಯ ಸಂಶೋಧಕರು ಮಕ್ಕಳಲ್ಲಿ ಮತ್ತೆ ಮತ್ತೆ ಕಂಡಿರುವ ತಪ್ಪು ಕಲ್ಪನೆ. ನಿಜವಾದ ತಂತಿಯನ್ನು ಎಷ್ಟು ಹೊತ್ತು ನೋಡುತ್ತ ಕೂತರೂ ಅದು ತಿದ್ದಿಕೊಳ್ಳುವುದಿಲ್ಲ, ಯಾಕೆಂದರೆ ಅಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ನಡೆಯುವುದಿಲ್ಲ. ಕಾಣದ್ದನ್ನು ಕಾಣಿಸಿ, ಅದನ್ನು ಮಗುವಿನ ಕೈಯಿಂದಲೇ ಅಲುಗಾಡಿಸುವುದು ಫೆಟ್‌ನ ದೊಡ್ಡ ಶಕ್ತಿ.

ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಈ ಯೋಜನೆಯನ್ನು ಆರಂಭಿಸಿದರು. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದಿತ್ತು. ಮೊದಲು ಭೌತವಿಜ್ಞಾನಕ್ಕಷ್ಟೇ ಇದ್ದದ್ದು ಈಗ ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನಕ್ಕೂ ಹರಡಿದೆ. ನೂರೈವತ್ತಕ್ಕೂ ಹೆಚ್ಚು ಸಿಮ್ಯುಲೇಷನ್‌ಗಳಿವೆ, ಬ್ರೌಸರಿನಲ್ಲಿ ಬಳಸಲು ದುಡ್ಡು ಕೊಡಬೇಕಿಲ್ಲ. ಇದೇ ಬಗೆಯ ಉಚಿತ ಸಾಮಗ್ರಿಗಳಲ್ಲಿ ಇಷ್ಟು ಎಚ್ಚರದಿಂದ ತಯಾರಾದದ್ದು ಬಹಳ ಕಡಿಮೆ. ಹಾಗಿದ್ದೂ ಇದನ್ನು ತಪ್ಪಾಗಿ ಬಳಸುವುದು ಬಲು ಸುಲಭ: ಪ್ರೊಜೆಕ್ಟರಿಗೆ ಹಾಕಿ ಶಿಕ್ಷಕರು ತಾವೇ ಎಳೆದು ತೋರಿಸುವುದು ಒಂದು ಬಗೆ, ಇಪ್ಪತ್ತು ಹೆಜ್ಜೆಗಳ ಹಾಳೆ ಕೊಟ್ಟು ಅದರಂತೆ ಒತ್ತಿಸುವುದು ಇನ್ನೊಂದು ಬಗೆ. ಎರಡರಲ್ಲೂ ಸಿಮ್ಯುಲೇಷನ್ ಇರುತ್ತದೆ, ಯೋಚನೆ ಇರುವುದಿಲ್ಲ.

ಇದು ತಯಾರಾಗುವ ರೀತಿ ಗೊತ್ತಿದ್ದರೆ ಬಳಸುವ ರೀತಿಯೂ ತಿಳಿಯುತ್ತದೆ. ಪ್ರತಿ ಸಿಮ್ಯುಲೇಷನ್ ಕರಡು ಹಂತದಲ್ಲಿರುವಾಗಲೇ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂರಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳುತ್ತ ಆಡಲು ಬಿಡುತ್ತಾರೆ. ಎಲ್ಲಿ ಕೈ ತಡೆಯಿತು, ಯಾವ ಗುಂಡಿ ಕಣ್ಣಿಗೇ ಬೀಳಲಿಲ್ಲ, ಯಾವ ಚಿತ್ರ ತಪ್ಪು ಅರ್ಥ ಕೊಟ್ಟಿತು ಎಂದು ಗುರುತುಹಾಕಿಕೊಂಡು ವಿನ್ಯಾಸ ತಿದ್ದುತ್ತಾರೆ. ಪರದೆಯ ಮೇಲೆ ಬರೆದ ಸೂಚನೆಯನ್ನು ಮಕ್ಕಳು ಓದುವುದೇ ಅಪರೂಪ ಎಂಬುದು ಅಲ್ಲಿ ಬೇಗ ಗೊತ್ತಾಯಿತು. ಹಾಗಾಗಿ ಸೂಚನೆಗಳನ್ನು ತೆಗೆದು, ದಾರಿಯನ್ನು ವಿನ್ಯಾಸದೊಳಗೇ ಅಡಗಿಸಿದರು. ಮೊದಲ ತೆರೆಯಲ್ಲಿ (ಸ್ಕ್ರೀನ್) ಕೆಲವೇ ವಸ್ತುಗಳು, ಮುಂದಿನದರಲ್ಲಿ ಅಳತೆಯ ಉಪಕರಣಗಳು, ಕೊನೆಗೆ ಆಟ. ಏನನ್ನು ಮುಟ್ಟಬಹುದೋ ಅದು ಮೊದಲು ಕಣ್ಣಿಗೆ ಬೀಳುತ್ತದೆ, ಮುಟ್ಟಿದ್ದರ ಪರಿಣಾಮ ಆ ಕ್ಷಣದಲ್ಲೇ ಕಾಣುತ್ತದೆ.

2008ರಲ್ಲಿ ಇದೇ ಗುಂಪು ಪ್ರಕಟಿಸಿದ ಅಧ್ಯಯನವನ್ನು ಫೆಟ್ ಬಳಸುವವರೆಲ್ಲ ನೆನಪಿಡಬೇಕು. ಎಷ್ಟು ಮಾರ್ಗದರ್ಶನ ಕೊಟ್ಟರೆ ವಿದ್ಯಾರ್ಥಿ ಹುಡುಕುತ್ತಾನೆ ಎಂಬುದು ಅವರ ಪ್ರಶ್ನೆ. ಒಂದು ತೆರೆದ ಪ್ರಶ್ನೆಯಷ್ಟನ್ನೇ ಕೊಟ್ಟಾಗ ವಿದ್ಯಾರ್ಥಿಗಳು ಸಿಮ್ಯುಲೇಷನ್ನಿನ ಮೂಲೆಮೂಲೆ ತಡಕಿದರು. ಅಡುಗೆಯ ವಿಧಾನದಂತೆ ಹೆಜ್ಜೆಹೆಜ್ಜೆಯ ಸೂಚನೆ ಕೊಟ್ಟಾಗ ಸೂಚನೆಯಲ್ಲಿದ್ದದ್ದನ್ನು ಮಾತ್ರ ಮುಟ್ಟಿ ಕೈ ತೊಳೆದುಕೊಂಡರು. ಇನ್ನೊಂದು ಪಕ್ಷವೂ ಇದೆ. ಶಿಕ್ಷಣ ಮನೋವಿಜ್ಞಾನಿಗಳಾದ ಪಾಲ್ ಕಿರ್ಷ್ನರ್, ಜಾನ್ ಸ್ವೆಲ್ಲರ್, ರಿಚರ್ಡ್ ಕ್ಲಾರ್ಕ್ 2006ರಲ್ಲಿ ಬರೆದ ಪ್ರಸಿದ್ಧ ಲೇಖನದ ವಾದವೆಂದರೆ, ಹೊಸದಾಗಿ ಕಲಿಯುವವರನ್ನು ಕಡಿಮೆ ಮಾರ್ಗದರ್ಶನದಲ್ಲಿ ಬಿಟ್ಟರೆ ಅವರ ಕಾರ್ಯಸ್ಮೃತಿ (ಯೋಚಿಸುವ ಹೊತ್ತಿಗೆ ವಿಷಯವನ್ನು ಹಿಡಿದಿಡುವ ನೆನಪು) ಹುಡುಕಾಟದಲ್ಲೇ ತುಂಬಿಹೋಗುತ್ತದೆ, ಕಲಿಕೆಗೆ ಜಾಗ ಉಳಿಯುವುದಿಲ್ಲ. ಫೆಟ್ ವಿಷಯದಲ್ಲಿ ಈ ಎರಡು ಮಾತುಗಳಿಗೆ ಜಗಳ ಹಚ್ಚಬೇಕಿಲ್ಲ. ಮಾರ್ಗದರ್ಶನ ಪರದೆಯಲ್ಲೇ ಇದೆ, ಹಾಳೆಯ ಮೇಲೆ ಅದನ್ನು ಮತ್ತೊಮ್ಮೆ ಬರೆದರೆ ಮಗುವಿನ ಕೆಲಸ ಕಿತ್ತುಕೊಂಡಂತೆ. ಪರದೆ ಹೇಳಿಕೊಡದ ವಿಷಯಗಳೂ ಕೆಲವಿವೆ, ಅವನ್ನು ಮೊದಲೇ ನೇರವಾಗಿ ಕಲಿಸಲೇಬೇಕು. ಯಾವುದು ಯಾವುದೆಂದು ಒಂದೊಂದು ಸಿಮ್ಯುಲೇಷನ್ ನೋಡಿದಾಗ ತಿಳಿಯುತ್ತದೆ.

ಮೊದಲು ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’. ಇಡೀ ಸಂಗ್ರಹದಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ಇದನ್ನೇ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಶ್ವವಿದ್ಯಾಲಯದ ಆರಂಭಿಕ ಭೌತವಿಜ್ಞಾನ ತರಗತಿಯ ಒಂದು ಗುಂಪು ನಿಜವಾದ ಉಪಕರಣಗಳಿಂದಲೂ ಇನ್ನೊಂದು ಗುಂಪು ಈ ಸಿಮ್ಯುಲೇಷನ್ನಿನ ಹಳೆಯ ಆವೃತ್ತಿಯಿಂದಲೂ ಕಲಿತವು. ಆಮೇಲೆ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮಾತ್ರವಲ್ಲ, ನಿಜವಾದ ತಂತಿ ಬಲ್ಬುಗಳಿಂದ ವಿದ್ಯುತ್ ಮಂಡಲ (ಸರ್ಕ್ಯೂಟ್) ಕಟ್ಟಿ ವಿವರಿಸುವುದರಲ್ಲೂ ಸಿಮ್ಯುಲೇಷನ್ ಗುಂಪೇ ಮುಂದಿತ್ತು. ಅವರು ಶಾಲಾ ಮಕ್ಕಳಲ್ಲ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಎಂಬುದನ್ನು ಮರೆಯದೆ ಈ ಫಲಿತಾಂಶ ಓದಬೇಕು.

ಇದನ್ನು ತೆರೆದಾಗ ಬ್ಯಾಟರಿ 9 ವೋಲ್ಟ್, ಬಲ್ಬು 10 ಓಮ್. ಒಂದು ಬಲ್ಬು ಹಾಕಿ, ಪ್ರವಾಹ ಅಳೆಯುವ ಅಮೀಟರ್ ಸೇರಿಸಿದರೆ 0.90 ಆಂಪಿಯರ್. ಎರಡನೆಯ ಬಲ್ಬನ್ನು ಸರಣಿಯಲ್ಲಿ ಸೇರಿಸುವ ಮೊದಲು ಮೌಸ್ ಬಿಡಿಸಿ, ಕಾಗದದ ಮೇಲೆ ಉತ್ತರ ಬರೆಸಿ: ಯಾವ ಬಲ್ಬು ಹೆಚ್ಚು ಬೆಳಗುತ್ತದೆ, ಅಮೀಟರ್ ಎಷ್ಟು ತೋರಿಸುತ್ತದೆ? ಬ್ಯಾಟರಿಗೆ ಹತ್ತಿರ ಇರುವುದೇ ಹೆಚ್ಚು ಬೆಳಗುತ್ತದೆ ಎಂದು ಬರೆಯುವವರು ತುಂಬ ಮಂದಿ. ಜೋಡಿಸಿದಾಗ ಎರಡೂ ಒಂದೇ ಸಮ, ಮೊದಲಿಗಿಂತ ಮಂಕು. ಅಮೀಟರನ್ನು ಎಲ್ಲೇ ಇಟ್ಟರೂ 0.45. ಈಗ ಅದೇ ಎರಡು ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿದರೆ ಒಂದೊಂದರಲ್ಲೂ 0.90, ಬ್ಯಾಟರಿಯ ಬಳಿ 1.80. ಬ್ಯಾಟರಿ ಯಾವಾಗಲೂ ಒಂದೇ ಪ್ರಮಾಣದ ಪ್ರವಾಹ ಕೊಡುತ್ತದೆ ಎಂಬ ಇನ್ನೊಂದು ನಂಬಿಕೆ ಅಲುಗಾಡುವುದು ಈ 1.80 ಕಂಡಾಗ.

ಬರೆಸುವ ಹೆಜ್ಜೆಯನ್ನು ಸಮಯವಿಲ್ಲವೆಂದು ಬಿಡಬೇಡಿ. ಹಾರ್ವರ್ಡ್‌ನಲ್ಲಿ ಭೌತವಿಜ್ಞಾನಿ ಎರಿಕ್ ಮಜೂರ್ ಅವರ ಗುಂಪು 2004ರಲ್ಲಿ ಪ್ರಕಟಿಸಿದ ಅಧ್ಯಯನ ತರಗತಿಯ ಪ್ರಾತ್ಯಕ್ಷಿಕೆಗಳ ಬಗ್ಗೆ. ಪ್ರಯೋಗವನ್ನು ಬರೀ ನೋಡಿದವರ ತಿಳಿವಳಿಕೆ, ಪ್ರಯೋಗವನ್ನೇ ನೋಡದವರಿಗಿಂತ ಹೆಚ್ಚೇನೂ ಮುಂದಿರಲಿಲ್ಲ. ಏನಾಗುತ್ತದೆ ಎಂದು ಮೊದಲೇ ಊಹಿಸಿ ಆಮೇಲೆ ನೋಡಿದವರು ಸ್ಪಷ್ಟವಾಗಿ ಮುಂದೆ ಬಂದರು. ಊಹೆ ಬರೆದಿಡದ ಮಗು ಫಲಿತಾಂಶ ಕಂಡಮೇಲೆ ‘ನನಗೆ ಗೊತ್ತಿತ್ತು’ ಎನ್ನುತ್ತದೆ, ತನ್ನ ತಪ್ಪನ್ನು ತಾನು ನೋಡುವುದೇ ಇಲ್ಲ.

ಇಲ್ಲಿ ಎಡವುವ ಜಾಗಗಳು ಹಲವು. ಎಲೆಕ್ಟ್ರಾನ್ ತೋರಿಸುವ ಆಯ್ಕೆಯೂ ರೂಢಿಯ ಪ್ರವಾಹ (ಧನ ತುದಿಯಿಂದ ಋಣ ತುದಿಗೆ ಹರಿಯುತ್ತದೆಂದು ಎಣಿಸುವ ಪ್ರವಾಹ) ತೋರಿಸುವ ಆಯ್ಕೆಯೂ ಇವೆ, ಎರಡರ ದಿಕ್ಕು ವಿರುದ್ಧ. ಪಾಠದಲ್ಲಿ ಯಾವುದನ್ನು ಹೇಳಿದ್ದೀರೋ ಅದನ್ನೇ ಮೊದಲು ಆರಿಸಿ. ಎಲೆಕ್ಟ್ರಾನ್‌ಗಳು ಕಣ್ಣಿಗೆ ಕಾಣುವ ವೇಗದಲ್ಲಿ ಓಡುತ್ತವೆ. ನಿಜವಾದ ತಂತಿಯಲ್ಲಿ ಅವು ಸರಿಯುವ ವೇಗ ಸೆಕೆಂಡಿಗೆ ಮಿಲಿಮೀಟರಿನ ಸಣ್ಣ ಭಾಗ ಮಾತ್ರ ಎಂದು ಬಾಯಿಮಾತಿನಲ್ಲಿ ಸೇರಿಸಲೇಬೇಕು. ಬ್ಯಾಟರಿಯ ಒಳರೋಧ, ಎಂದರೆ ಅದರೊಳಗೇ ಪ್ರವಾಹಕ್ಕಿರುವ ತಡೆ, ಆರಂಭದಲ್ಲಿ ಸೊನ್ನೆ. ಹಾಗಾಗಿ ಸಮಾಂತರವಾಗಿ ಎಷ್ಟು ಬಲ್ಬು ಸೇರಿಸಿದರೂ ಬೆಳಕು ಕುಗ್ಗುವುದಿಲ್ಲ. ನಿಜವಾದ ಶೆಲ್‌ನಲ್ಲಿ ಕುಗ್ಗುತ್ತದೆ, ಮಕ್ಕಳು ಆಮೇಲೆ ‘ಕಂಪ್ಯೂಟರ್ ಹೇಳಿದ್ದು ಸುಳ್ಳು’ ಎನ್ನುತ್ತಾರೆ. ‘ಲ್ಯಾಬ್’ ತೆರೆಯಲ್ಲಿ ಬ್ಯಾಟರಿಯ ರೋಧವನ್ನು 2 ಓಮ್‌ಗೆ ಏರಿಸಿ ನೋಡಿ: ಒಂದು ಬಲ್ಬಿದ್ದಾಗ 0.75 ಆಂಪಿಯರ್, ಸಮಾಂತರವಾಗಿ ಇನ್ನೊಂದು ಸೇರಿಸಿದರೆ ತಲಾ 0.64. ಪರದೆಗೂ ಮೇಜಿನ ಮೇಲಿನ ಶೆಲ್‌ಗೂ ಇರುವ ಅಂತರ ಯಾಕೆಂದು ಅಲ್ಲೇ ತಿಳಿಯುತ್ತದೆ.

ನನ್ನ ದೊಡ್ಡ ಆಕ್ಷೇಪ ಸುರಕ್ಷತೆಯದು. ಜೋಡಿಸಬಹುದಾದ ವಸ್ತುಗಳಲ್ಲಿ ನಾಣ್ಯ, ಪೆನ್ಸಿಲ್, ರಬ್ಬರ್ ಜೊತೆಗೆ ಮನುಷ್ಯನ ಕೈಯೂ ಇದೆ. ವೋಲ್ಟೇಜನ್ನು ಎಷ್ಟೇ ಏರಿಸಿದರೂ ಆ ಕೈಗೆ ಏನೂ ಆಗದು. ಶಾರ್ಟ್ ಸರ್ಕ್ಯೂಟ್ ಆದಾಗ ಬ್ಯಾಟರಿಯ ಮೇಲೆ ಬೆಂಕಿ ಏಳುತ್ತದೆ, ತಂತಿ ಕತ್ತರಿಸಿದರೆ ಆರಿಹೋಗುತ್ತದೆ, ಮಕ್ಕಳಿಗೆ ಅದೊಂದು ತಮಾಷೆ. ಮನೆಯ ಗೋಡೆಯ ಪ್ಲಗ್ಗಿನ ಬಳಿ ಇದರಲ್ಲಿ ಯಾವುದನ್ನೂ ಮಾಡಬಾರದು ಎಂಬ ಮಾತನ್ನು ಸಿಮ್ಯುಲೇಷನ್ ಹೇಳುವುದಿಲ್ಲ. ಅದನ್ನು ದೊಡ್ಡವರು ಪಾಠದ ಆರಂಭದಲ್ಲಿ ಹೇಳಬೇಕು, ಕೊನೆಯಲ್ಲಿ ಇನ್ನೊಮ್ಮೆ ಹೇಳಬೇಕು. ಹಾಗೆಯೇ ಸಡಿಲ ತುದಿ, ತುಕ್ಕು ಹಿಡಿದ ಕ್ಲಿಪ್ಪು, ಸತ್ತ ಶೆಲ್ಲು ಇಲ್ಲಿ ಯಾವತ್ತೂ ಇಲ್ಲ. ಹೊತ್ತದ ಬಲ್ಬಿನ ತಪ್ಪು ಹುಡುಕುವ ಕೈಚಳಕ ಬರಬೇಕಾದರೆ ನಿಜವಾದ ಶೆಲ್ಲು ತಂತಿಯನ್ನೇ ಹಿಡಿಯಬೇಕು. ಮೊದಲ ಅವಧಿ ಪರದೆಯಲ್ಲಿ, ಎರಡನೆಯದು ಮೇಜಿನ ಮೇಲೆ: ಈ ಕ್ರಮ ಚೆನ್ನಾಗಿ ಒಗ್ಗುತ್ತದೆ.

‘ಪೆಂಡುಲಮ್ ಲ್ಯಾಬ್’ ನೋಡಲು ಸರಳ, ಕಲಿಸಲು ಕಷ್ಟ. ಉದ್ದವನ್ನೂ ದ್ರವ್ಯರಾಶಿಯನ್ನೂ ಜಾರುಗುಂಡಿಯಿಂದ ಬದಲಿಸಬಹುದು, ಭೂಮಿ, ಚಂದ್ರ, ಗುರು ಗ್ರಹದ ಗುರುತ್ವ ಆರಿಸಬಹುದು. ಮಕ್ಕಳು ತಕ್ಷಣ ಮಾಡುವುದೆಂದರೆ ಎರಡು ಮೂರು ಗುಂಡಿಗಳನ್ನು ಒಟ್ಟಿಗೇ ಎಳೆಯುವುದು. ಲೋಲಕ ನಿಧಾನವಾಯಿತು, ಸರಿ, ಯಾವುದರಿಂದ? ಗೊತ್ತಿಲ್ಲ. ಒಮ್ಮೆಗೆ ಒಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕೆಂಬ ತಿಳಿವಳಿಕೆ ತಾನಾಗಿ ಬರುವುದಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚೆನ್ ಮತ್ತು ಕ್ಲಾರ್ 1999ರಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಸರಿಯಾದ ಮತ್ತು ತಪ್ಪಾದ ಹೋಲಿಕೆಗಳ ಉದಾಹರಣೆ ಕೊಟ್ಟು ಯಾಕೆಂದು ವಿವರಿಸಿದಾಗ ಮಕ್ಕಳು ಈ ತಂತ್ರವನ್ನು ಚೆನ್ನಾಗಿ ಕಲಿತರು. ಬರೀ ಪ್ರಯೋಗ ಮಾಡಿಸಿದಾಗ ಅಷ್ಟು ಕಲಿಯಲಿಲ್ಲ. ಪರದೆ ಹೇಳಿಕೊಡದ ವಿಷಯ ಎಂದದ್ದು ಇದನ್ನೇ. ಸಿಮ್ಯುಲೇಷನ್ ತೆರೆಯುವ ಮೊದಲು ಹತ್ತು ನಿಮಿಷ ಹೀಗೆ ಮಾಡಿ: ಎರಡು ಲೋಲಕಗಳ ಚಿತ್ರ ಬರೆಯಿರಿ, ಒಂದು ಉದ್ದದ ಹಗುರ, ಇನ್ನೊಂದು ಗಿಡ್ಡದ ಭಾರ. ‘ಇವೆರಡನ್ನು ಹೋಲಿಸಿ ತೂಕದ ಪರಿಣಾಮ ಹೇಳಬಹುದೇ?’ ಎಂದು ಕೇಳಿ. ಹೇಳಲಾಗದು ಎಂಬ ಉತ್ತರಕ್ಕೆ ಕಾರಣ ಮಕ್ಕಳ ಬಾಯಿಂದಲೇ ಬರಲಿ.

ಅಳತೆಗೆ ಮೊದಲ ತೆರೆಯ ನಿಲ್ಲುಗಡಿಯಾರವನ್ನೇ ಬಳಸಿ. ಕೊನೆಯ ತೆರೆಯಲ್ಲಿ ಒಂದು ತೂಗಾಟಕ್ಕೆ, ಎಂದರೆ ಒಮ್ಮೆ ಹೋಗಿ ಮರಳಿ ಬರಲು, ಹಿಡಿಯುವ ಅವಧಿಯನ್ನು ತಾನೇ ಅಳೆಯುವ ಉಪಕರಣವಿದೆ, ಅದು ಕೆಲಸ ಸುಲಭ ಮಾಡಿ ಕಲಿಕೆ ಕೆಡಿಸುತ್ತದೆ. ಒಂದೇ ತೂಗಾಟ ಅಳೆದರೆ ಬೆರಳಿನ ತಡ ಸುಮಾರು 0.2 ಸೆಕೆಂಡ್ ಪೂರ್ತಿಯಾಗಿ ಉತ್ತರದಲ್ಲಿ ಸೇರುತ್ತದೆ. ಹತ್ತು ತೂಗಾಟ ಅಳೆದು ಹತ್ತರಿಂದ ಭಾಗಿಸಿದರೆ ಅದು 0.02ಕ್ಕೆ ಇಳಿಯುತ್ತದೆ. ಘರ್ಷಣೆಯ ಗುಂಡಿ ಸೊನ್ನೆಯಲ್ಲಿರಲಿ, ಭೂಮಿಯ ಗುರುತ್ವ, 10 ಡಿಗ್ರಿ ಕೋನ. ಉದ್ದ 1 ಮೀಟರ್ ಇದ್ದರೆ ಅವಧಿ ಸುಮಾರು 2.0 ಸೆಕೆಂಡ್, 0.25 ಮೀಟರ್ ಇದ್ದರೆ 1.0. ಉದ್ದ ಕಾಲುಭಾಗವಾದರೆ ಅವಧಿ ಕಾಲುಭಾಗವಲ್ಲ, ಅರ್ಧ. ಇನ್ನೊಂದು ಗುಟ್ಟು: ಲೋಲಕವನ್ನು 90 ಡಿಗ್ರಿಯವರೆಗೆ ಎಳೆದು ಬಿಟ್ಟರೆ ಅವಧಿ ಸುಮಾರು ಶೇಕಡ 18 ಹೆಚ್ಚುತ್ತದೆ. ಎಳೆಯುವ ಕೋನ ಅವಧಿಯನ್ನು ಬದಲಿಸುವುದಿಲ್ಲ ಎಂಬ ಪಠ್ಯದ ಮಾತು ಸಣ್ಣ ಕೋನಗಳಿಗಷ್ಟೇ ಒಪ್ಪುವುದು. ಕೋನ ಬರೆದಿಡದ ಮಕ್ಕಳ ಪಟ್ಟಿಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಇದೇ ಕಾರಣ.

‘ಬ್ಯಾಲೆನ್ಸಿಂಗ್ ಆಕ್ಟ್’ ಬರೀ ಆಟದ ಹಲಗೆಯಂತೆ (ಸೀಸಾ) ಕಾಣುತ್ತದೆ, ಆದರೆ ಮಗುವಿನ ಯೋಚನೆ ಎಲ್ಲಿದೆ ಎಂದು ತಿಳಿಯಲು ಇಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ತಕ್ಕಡಿಯ ಸಮಸ್ಯೆಗಳಲ್ಲಿ ಮಕ್ಕಳು ಬಳಸುವ ನಿಯಮಗಳನ್ನು ಮನೋವಿಜ್ಞಾನಿ ರಾಬರ್ಟ್ ಸೀಗ್ಲರ್ 1976ರಲ್ಲೇ ನಾಲ್ಕು ಹಂತಗಳಾಗಿ ಗುರುತಿಸಿದ್ದರು. ಮೊದಲ ಹಂತದ ಮಗು ತೂಕ ಮಾತ್ರ ನೋಡುತ್ತದೆ. ಎರಡನೆಯ ಹಂತದಲ್ಲಿ ತೂಕ ಸಮವಿದ್ದಾಗ ಮಾತ್ರ ದೂರ ನೋಡುತ್ತದೆ. ಮೂರನೆಯ ಹಂತದಲ್ಲಿ ಎರಡನ್ನೂ ನೋಡಿ, ಅವು ಎದುರುಬದುರಾದಾಗ ಗೊಂದಲಕ್ಕೆ ಬೀಳುತ್ತದೆ. ನಾಲ್ಕನೆಯದರಲ್ಲಿ ಗುಣಿಸುತ್ತದೆ. ಇಲ್ಲಿನ ಇಟ್ಟಿಗೆಗಳ ತೂಕ 5, 10, 15 ಹೀಗೆ ಐದೈದು ಕಿಲೋ ಏರುತ್ತದೆ, ಹಲಗೆಯ ಗುರುತುಗಳು ಕಾಲು ಮೀಟರಿಗೊಂದು. ಹಲಗೆಯ ಆಧಾರ ತೆಗೆಯುವ ಮೊದಲು ಈ ಮೂರನ್ನು ಕೇಳಿ. ಎಡಕ್ಕೆ 10 ಕಿಲೋ 1 ಮೀಟರಿನಲ್ಲಿ, ಬಲಕ್ಕೆ 5 ಕಿಲೋ 1.5 ಮೀಟರಿನಲ್ಲಿ: ಎಡ ಇಳಿಯುತ್ತದೆ, ತೂಕ ಮಾತ್ರ ನೋಡುವ ಮಗುವಿನ ಉತ್ತರವೂ ಅಕಸ್ಮಾತ್ ಸರಿಯಾಗುತ್ತದೆ. ಎಡಕ್ಕೆ 10 ಕಿಲೋ ಅರ್ಧ ಮೀಟರಿನಲ್ಲಿ, ಬಲಕ್ಕೆ ಅದೇ 5 ಕಿಲೋ 1.5 ಮೀಟರಿನಲ್ಲಿ: ಈಗ ಬಲ ಇಳಿಯುತ್ತದೆ, ಆ ಮಗು ಸಿಕ್ಕಿಬೀಳುತ್ತದೆ. ಮೂರನೆಯದರಲ್ಲಿ ಎಡಕ್ಕೆ 10 ಕಿಲೋ ನಾಲ್ಕನೇ ಗುರುತಿನಲ್ಲಿ, ಬಲಕ್ಕೆ 5 ಕಿಲೋ ಎಂಟನೇ ಗುರುತಿನಲ್ಲಿ. 5 ಕಿಲೋವನ್ನು ಒಂದು ಇಟ್ಟಿಗೆಯೆಂದು ಎಣಿಸಿ ಕೂಡುವ ಮಗು 2 ಮತ್ತು 4 ಸೇರಿ 6, 1 ಮತ್ತು 8 ಸೇರಿ 9, ಬಲ ಇಳಿಯುತ್ತದೆ ಎನ್ನುತ್ತದೆ. ಗುಣಿಸುವ ಮಗು ಎರಡೂ 8, ಸಮ ಎನ್ನುತ್ತದೆ. ಮೊದಲನೆಯದನ್ನಷ್ಟೇ ಕೇಳಿ ಮಗುವಿಗೆ ತಿಳಿಯಿತೆಂದು ಮುಂದೆ ಹೋದರೆ ಏನೂ ಅಳೆದಂತಾಗಲಿಲ್ಲ.

ಆಟದಂತೆ ಗೆಲ್ಲಬಹುದಾದ ತೆರೆಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ‘ಬ್ಯಾಲೆನ್ಸಿಂಗ್ ಕೆಮಿಕಲ್ ಈಕ್ವೇಷನ್ಸ್’ ಪರಿಚಯದ ತೆರೆಯಲ್ಲಿ ಅಮೋನಿಯ ತಯಾರಿಕೆ, ನೀರಿನ ವಿಭಜನೆ, ಮೀಥೇನಿನ ದಹನ ಎಂಬ ಮೂರು ಸಮೀಕರಣಗಳಿವೆ. ಸಹಗುಣಕಗಳು (ಅಣುಸೂತ್ರದ ಮುಂದೆ ಬರೆಯುವ ಸಂಖ್ಯೆಗಳು) ಸಣ್ಣವು, ಗುಂಡಿ ತಿರುಗಿಸುತ್ತ ಹೋದರೆ ಎಲ್ಲೋ ಒಂದು ಕಡೆ ನಗುಮುಖ ಬಂದುಬಿಡುತ್ತದೆ. ತಿಳಿಯದೆಯೂ ಗೆಲ್ಲಬಹುದು. ಆದರೆ ಸಂಖ್ಯೆ ಬದಲಿಸಿದಾಗ ಮೇಲಿನ ಪೆಟ್ಟಿಗೆಯಲ್ಲಿ ಇಡೀ ಅಣುಗಳೇ ಸೇರುತ್ತವೆ, ಅಣುವಿನೊಳಗಿನ ಪರಮಾಣುಗಳ ಲೆಕ್ಕ ಬದಲಾಗುವುದಿಲ್ಲ. ಸಹಗುಣಕಕ್ಕೂ ಅಣುಸೂತ್ರದ ಕೆಳಗಿನ ಸಂಖ್ಯೆಗೂ ಇರುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕರಿಹಲಗೆಯ ಮೇಲೆ ಕಾಣಿಸುವುದು ಕಷ್ಟ. ಹಾಗಾಗಿ ಗುಂಡಿ ಮುಟ್ಟುವ ಮೊದಲು ಅಣುಗಳ ಚಿತ್ರ ಬರೆಸಿ, ತಕ್ಕಡಿ ತೋರಿಸುವ ಆಯ್ಕೆ ಹಾಕಿಸಿ, ಆಮೇಲೆ ಆಡಿಸಿ. ಭಿನ್ನರಾಶಿಯ ‘ಬಿಲ್ಡ್ ಎ ಫ್ರ್ಯಾಕ್ಷನ್’ ಕೂಡ ಹೀಗೆಯೇ. ಮಕ್ಕಳು ಚೂರುಗಳನ್ನು ಕಣ್ಣಳತೆಯಲ್ಲೇ ತುಂಬಿ ನಕ್ಷತ್ರ ಗಳಿಸುತ್ತಾರೆ. ಚೂರು ಇಡುವ ಮುನ್ನ ಅದು ಇಡಿಯದರ ಎಷ್ಟನೇ ಭಾಗ ಎಂದು ಬಾಯಿಬಿಟ್ಟು ಹೇಳಬೇಕೆಂಬ ಒಂದೇ ನಿಯಮ ಸಾಕು, ಆಟ ಪಾಠವಾಗುತ್ತದೆ.

‘ಸ್ಟೇಟ್ಸ್ ಆಫ್ ಮ್ಯಾಟರ್: ಬೇಸಿಕ್ಸ್’ ಚೆನ್ನಾಗಿದೆ. ನೀರನ್ನು ಆರಿಸಿ ತಣಿಸಿದಾಗ ಅಣುಗಳ ನಡುವೆ ಬಿಡುವು ಉಳಿಯುವುದನ್ನು ತೋರಿಸಿ, ಮಂಜುಗಡ್ಡೆ ಯಾಕೆ ತೇಲುತ್ತದೆ ಎಂದು ಕೇಳಲು ಒಳ್ಳೆಯ ಜಾಗ ಅದು. ಕಾಯಿಸಿದಾಗ ಅಣುಗಳೇ ಉಬ್ಬುತ್ತವೆ ಎಂದು ನಂಬಿದ ಮಗುವಿಗೆ, ಒಂದೇ ಕಣವನ್ನು ಕಣ್ಣಲ್ಲೇ ಹಿಂಬಾಲಿಸಿ ಅದರ ಗಾತ್ರ ಬದಲಾಯಿತೇ ಎಂದು ನೋಡಲು ಹೇಳಿ. ಅಣುಗಳಿಗೆ ಬಣ್ಣವಿಲ್ಲ ಎಂಬುದನ್ನೂ ಹೇಳಿ.

ನಲವತ್ತೈದು ನಿಮಿಷದ ಅವಧಿಯನ್ನು ಹೀಗೆ ಹಂಚಬಹುದು. ಮೊದಲ ಐದಾರು ನಿಮಿಷ ಸುಮ್ಮನೆ ಆಡಲು ಬಿಡಿ, ಏನನ್ನೂ ಹೇಳಬೇಡಿ. ಇದನ್ನು ಕೊಡದಿದ್ದರೆ ಅವಧಿಯುದ್ದಕ್ಕೂ ಅವರು ಕದ್ದು ಆಡುತ್ತಾರೆ. ಆಮೇಲೆ ಎರಡು ಮೂರು ನಿಮಿಷ ಏನೇನು ಕಂಡಿತೆಂದು ಕೇಳಿ, ಯಾರಿಗೂ ಸಿಗದ ಗುಂಡಿಯಿದ್ದರೆ ತೋರಿಸಿ. ಮುಂದಿನ ಇಪ್ಪತ್ತೈದು ನಿಮಿಷಕ್ಕೆ ಮೂರೇ ಪ್ರಶ್ನೆ, ಪ್ರತಿಯೊಂದಕ್ಕೂ ಊಹೆ, ಪರೀಕ್ಷೆ, ಕಾರಣ. ಕೊನೆಯ ಹತ್ತು ನಿಮಿಷ ಸಾಧನಗಳನ್ನು ಮುಚ್ಚಿಸಿ, ಪರದೆಯಲ್ಲಿ ನೋಡಿರದ ಒಂದು ಹೊಸ ಮಂಡಲವನ್ನೋ ಹೊಸ ಹಲಗೆಯನ್ನೋ ಕಾಗದದ ಮೇಲೆ ಬಿಡಿಸಿ ಕೊಡಿ. ‘ಇಷ್ಟವಾಯಿತೇ’ ಎಂಬ ಪ್ರಶ್ನೆಯ ಉತ್ತರವನ್ನು ಅಳತೆಗೋಲಾಗಿ ನಂಬಬೇಡಿ. ಹಾರ್ವರ್ಡ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾವೇ ತೊಡಗಿ ಕಲಿತ ವಿದ್ಯಾರ್ಥಿಗಳು ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಕಲಿತಿದ್ದರೂ ಕಡಿಮೆ ಕಲಿತೆವೆಂದೇ ಭಾವಿಸಿದ್ದರು. ತಲೆ ಕೆಡಿಸಿಕೊಂಡ ದಿನ ಮಕ್ಕಳು ಗೊಣಗಿದರೆ ಗಾಬರಿ ಬೇಡ, ಕಾಗದದ ಮೇಲಿನ ಉತ್ತರ ನೋಡಿ.

ತಾಂತ್ರಿಕ ವಿಷಯಗಳು ಕೆಲವು. ಒಂದೊಂದು ಸಿಮ್ಯುಲೇಷನ್ ಒಂದೇ ಕಡತವಾಗಿ ಇಳಿಸಿಕೊಳ್ಳಲು ಸಿಗುತ್ತದೆ, ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ಪೆನ್‌ಡ್ರೈವಿಗೆ ಹಾಕಿ ಹಂಚಲು ಅದರ ಪರವಾನಗಿ ಅನುಮತಿ ಕೊಡುತ್ತದೆ, ಮೂಲದ ಹೆಸರು ಉಳಿಸಿಕೊಳ್ಳಬೇಕು. ಹಳೆಯ ಕೆಲವು ಇನ್ನೂ ಜಾವಾದಲ್ಲಿವೆ, ಫೋನು ಟ್ಯಾಬ್ಲೆಟ್‌ಗೆ ಅವನ್ನು ನೆಚ್ಚಬೇಡಿ. ಪಟ್ಟಿಯಲ್ಲಿ ಎಚ್‌ಟಿಎಂಎಲ್5 ಎಂದಿರುವುದನ್ನೇ ಆರಿಸಿ. ಮೊದಲ ತೆರೆ ಮಾತ್ರ ಬೇಕಿದ್ದರೆ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಂಗ್ಲಿಷಿನಲ್ಲಿ ಸ್ಕ್ರೀನ್ಸ್ ಎಂಬ ಪದ, ಸಮ ಚಿಹ್ನೆ, 1 ಎಂದು ಸೇರಿಸಿ (?screens=1). ಆಟದ ತೆರೆ ಮಕ್ಕಳ ಕಣ್ಣಿಗೇ ಬೀಳುವುದಿಲ್ಲ. ಕಟ್ಟಿದ ಮಂಡಲವನ್ನು ಉಳಿಸಿಡುವ ಸೌಲಭ್ಯ ಉಚಿತ ಆವೃತ್ತಿಯಲ್ಲಿಲ್ಲ. ಪುಟ ಮತ್ತೆ ತೆರೆದರೆ, ಇಲ್ಲವೇ ಬಲಬದಿಯ ಕೆಳಗಿನ ಕಿತ್ತಳೆ ಗುಂಡಿ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ, ಅದಕ್ಕೇ ಕೆಳಪಟ್ಟಿಯ ಮೆನುವಿನಿಂದ ಚಿತ್ರ ತೆಗೆದಿಡಲು ಮೊದಲೇ ಕಲಿಸಿ. ಫೋನನ್ನು ಅಡ್ಡ ಹಿಡಿಯದಿದ್ದರೆ ಜಾರುಗುಂಡಿಗಳು ಬೆರಳಿಗೆ ಸಿಗುವುದಿಲ್ಲ. ಒಂದು ಸಾಧನಕ್ಕೆ ಇಬ್ಬರು ಸರಿ, ಮೂವರಾದರೆ ಒಬ್ಬರು ನೋಡುತ್ತ ಕೂರುತ್ತಾರೆ.

ಕನ್ನಡದ ಆವೃತ್ತಿಗಳೂ ಇವೆ. ಅನುವಾದ ಮಾಡುವವರು ಸ್ವಯಂಸೇವಕರು, ಹಾಗಾಗಿ ಎಲ್ಲ ಸಿಮ್ಯುಲೇಷನ್‌ಗಳಲ್ಲಿ ಪದಗಳು ಒಂದೇ ತೆರನಾಗಿ ಇರಬೇಕೆಂದಿಲ್ಲ. ತರಗತಿಗೆ ಒಯ್ಯುವ ಮುನ್ನ ಪ್ರತಿ ತೆರೆಯನ್ನೂ ತೆರೆದು, ಪಠ್ಯದ ರೋಧ, ವಿಭವಾಂತರ, ದ್ರವ್ಯರಾಶಿ ಎಂಬ ಪದಗಳಿಗೆ ಅಲ್ಲೇನು ಬಳಸಿದ್ದಾರೆಂದು ನೋಡಿ, ಬೇರೆ ಇದ್ದರೆ ಎರಡನ್ನೂ ಕರಿಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆದುಬಿಡಿ.